ಗಾಲಿಯ ಬೆನ್ನ ಮೇಲಿನ ಶ್ರೀ

ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯಲ್ಲಿ ಅದಿರಿನ ಲಾರಿಗಳು ಎಬ್ಬಿಸುವ ಕೆಂಪು ಧೂಳು ಯಾರಿಗೂ ಭೇದ ಮಾಡುವುದಿಲ್ಲ. ಬೇವಿನ ಎಲೆಯ ಮೇಲೂ ಕೂರುತ್ತದೆ, ಎಮ್ಮೆಯ ರೆಪ್ಪೆಯ ಮೇಲೂ ಕೂರುತ್ತದೆ, ಸಾವುಕಾರರ ಕಾರಿನ ಗಾಲಿಯ ಮೇಲೂ ಕೂರುತ್ತದೆ. ಎಲೆಯನ್ನು ಮಳೆ ತೊಳೆಯುತ್ತದೆ. ಎಮ್ಮೆ ತಾನಾಗಿ ಕೆರೆಗೆ ಇಳಿಯುತ್ತದೆ. ಗಾಲಿಗೆ ಮಾತ್ರ ಉಚ್ಚೆಂಗಪ್ಪನೇ ಬೇಕು.

ಪಂಕ್ಚರ್ ಅಂಗಡಿಯ ಪಕ್ಕದ ತಗಡಿನ ಶೆಡ್ಡು ಅವನದು. ಕಾರಿನ ಜೊತೆಗೇ ಕಂಪನಿಯಿಂದ ಬಂದ ಅಲಾಯ್ ಗಾಲಿಗಳು ಧೂಳು ತಿಂದು, ಕಲ್ಲಿಗೆ ಉಜ್ಜಿ, ಕಜ್ಜಿ ಹಿಡಿದವರಂತಾದಾಗ ಜನ ಅವನ್ನು ಬಿಚ್ಚಿಸಿ ಇಲ್ಲಿಗೆ ತರುತ್ತಾರೆ. ಉಚ್ಚೆಂಗಪ್ಪ ಹಳೆಯ ಬಣ್ಣ ಸುಲಿಯುತ್ತಾನೆ, ತಿರುಗುವ ಬಟ್ಟೆಚಕ್ರದ ಬಫಿಗೆ ಹಿಡಿದು ಮಿಂಚಿಸುತ್ತಾನೆ, ಬೆಳ್ಳಿ ಬಣ್ಣ ಬೇಕೆಂದವರಿಗೆ ಬೆಳ್ಳಿ, ಕರಿ ಬೇಕೆಂದವರಿಗೆ ಕರಿ. ಕೊನೆಗೆ ಎಲ್ಲದರ ಮೇಲೂ ಗಾಜಿನಂಥ ಲ್ಯಾಕರ್ ಒಂದು ಪದರ. ಹೆಂಡತಿ ಭಾಗ್ಯ ನೀರಲ್ಲಿ ನೆನೆಸಿದ ಎಮರಿ ಕಾಗದ ಹಿಡಿದು ಸಂದಿಗೊಂದಿಯನ್ನೆಲ್ಲ ಉಜ್ಜುವವಳು. ಅವಳ ಬೆರಳು ಹೋಗದ ಸಂದು ಯಾವ ಗಾಲಿಯಲ್ಲೂ ಇಲ್ಲ.

ಉಚ್ಚೆಂಗಪ್ಪನಿಗೆ ಒಂದು ರೂಢಿಯಿತ್ತು. ಬಣ್ಣ ಸುಲಿದು ಲೋಹ ಬರಿಮೈಯಾದಾಗ, ಗಾಲಿಯನ್ನು ಬೋರಲು ಹಾಕಿ, ನಡುವಿನಿಂದ ಅಂಚಿಗೆ ಹೋಗುವ ಐದು ಅರಗಳಲ್ಲಿ ಒಂದರ ಬೆನ್ನ ಮೇಲೆ ಮೊಳೆಯಿಂದ ‘ಶ್ರೀ’ ಎಂದು ಗೀಚುತ್ತಿದ್ದ. ಆಮೇಲೆಯೇ ಬಣ್ಣ. ಅವನಪ್ಪ ಮನೆಗಳಿಗೆ ಸುಣ್ಣ ಬಳಿಯುತ್ತಿದ್ದವನು; ಮೊದಲ ಕುಂಚ ಎಳೆಯುವ ಮುನ್ನ ಬರಿಗೋಡೆಗೆ ಇದೇ ಅಕ್ಷರ ಬರೆಯುತ್ತಿದ್ದ. “ಮ್ಯಾಲಿನ ಬಣ್ಣ ಮನಿಯವರದು, ಕೆಳಗಿನ ಅಕ್ಷರ ದೇವರದು” ಎನ್ನುತ್ತಿದ್ದ. ಆ ಅಕ್ಷರ ಯಾರಿಗೂ ಕಾಣುವುದಿಲ್ಲ, ಯಾರೂ ಕೇಳುವುದಿಲ್ಲ. ಉಚ್ಚೆಂಗಪ್ಪನಿಗೆ ಅದೇ ಸಮಾಧಾನ.

ಅಪ್ಪ ಹೋಗಿ ಎಷ್ಟೋ ಕಾಲವಾದರೂ ‘ಶ್ರೀ’ಯ ಬಾಲವನ್ನು ಅವನಂತೆಯೇ ಎಡಕ್ಕೆ ಉದ್ದ ಎಳೆದು ಸಣ್ಣ ಕೊಂಡಿ ಹಾಕುವುದನ್ನು ಮಗ ಬಿಟ್ಟಿರಲಿಲ್ಲ.

ಸೋಮವಾರ ಕಂಪ್ಲಿಯ ಚನ್ನಯ್ಯನವರ ಕಾರಿನ ನಾಲ್ಕು ಗಾಲಿಗಳು ಗೂಡ್ಸ್ ಆಟೋದಲ್ಲಿ ಬಂದಿಳಿದವು. ಹಿಂದೆಯೇ ಅವರ ಫೋನು.

“ಉಚ್ಚೆಂಗಾ, ಗಾಡಿ ಕಲ್ಲಿನ ಮ್ಯಾಲೆ ನಿಂತೈತಿ ನೋಡಪ. ಶುಕ್ರವಾರ ಕಮಲಾಪುರದ ಹನುಮೇಶ್ ಒಯ್ಯಾಕ ಬರ್ತಾನ. ಕಂಪನಿ ಗಾಲಿನ ಇರಬೇಕು, ಇವತ್ತ ಕಂಪನಿಯಿಂದ ಹೊರಗ ಬಂದಂಗ ಕಾಣಬೇಕು ಅಂದಾನ. ನೀನೂ ಶುಕ್ರವಾರನ ಅಮ್ಮನ ಮುಖ ತಗೊಂಡು ಹೋಗಾಕ ಬರಾವ. ಎರಡೂ ಒಂದ ಸಲಕ್ಕ ಆತು.”

“ಆಗಲ್ರಿ ಯಜಮಾನ್ರ.”

ಚನ್ನಯ್ಯನವರದು ಅಕ್ಕಿ ಗಿರಣಿ. ಎರಡು ವರ್ಷದ ಹಿಂದೆ ಸಂಡೂರಿನ ಕಡೆಯವರೊಬ್ಬರಿಂದ ಆ ಬಿಳಿ ಕಾರು ಕೊಂಡಿದ್ದರು. ಮಗಳು ಸೌಜನ್ಯ ಬಾಣಂತನಕ್ಕೆ ಬಂದದ್ದು, ಹಸುಗೂಸು ಕಟ್ಟಿಕೊಂಡು ಗಂಡನ ಮನೆಗೆ ಹೋದದ್ದು ಅದರಲ್ಲೇ. ಈಗ ಹನುಮೇಶನಿಗೆ ಮಾತಾಗಿತ್ತು. ಹನುಮೇಶ್ ಹಂಪಿಗೆ ಬಂದವರನ್ನು ಕೂರಿಸಿಕೊಂಡು ಊರೂರು ಸುತ್ತಿಸಿ ಬದುಕುವವನು.

ಇನ್ನು ಅಮ್ಮನ ಮುಖದ ಮಾತು. ಅವರ ಊರ ಗಡಿಯಲ್ಲಿ ಸುಂಕ್ಲಮ್ಮನ ಸಣ್ಣ ಗುಡಿ. ಅಮ್ಮನಿಗೆ ಹಬ್ಬದಂದು ತೊಡಿಸುವ ಹಿತ್ತಾಳೆಯ ಮುಖ ಚನ್ನಯ್ಯನವರ ಮನೆಯ ಪೆಟ್ಟಿಗೆಯಲ್ಲಿರುತ್ತದೆ. ವರ್ಷಕ್ಕೊಮ್ಮೆ ಅದನ್ನು ತೆಗೆದು ಬೆಳಗಲು ಕೊಡಬೇಕು. ಕಳೆದ ಆರು ವರ್ಷ ಆ ಕೆಲಸ ಉಚ್ಚೆಂಗಪ್ಪನದು. ಕೊಡುವಾಗ ಮನೆಯೊಡತಿ ಗಂಗಾಂಬಿಕಮ್ಮ ಅವನ ಅಂಗೈಗೆ ಭಂಡಾರದ ಅರಿಸಿನ ಹಾಕಿ ಮೂರು ಸಲ ಕೇಳುತ್ತಾರೆ: “ಕೈ ಸ್ವಚ್ಛ ಐತೇನಪ್ಪ?” ಅವನು ಮೂರು ಸಲ “ಐತ್ರಿ ತಾಯಿ” ಅನ್ನಬೇಕು. ಸೋಪು ಹಚ್ಚಿ ತೊಳೆದ ಕೈಯ ಮಾತಲ್ಲ ಅದು. ಆ ಕೈಯಿಂದ ಕಪಟದ ಕೆಲಸ ಆಗಿಲ್ಲ ಅನ್ನುವ ಆಣೆ. ಒಮ್ಮೆ ಪೆಟ್ಟಿಗೆಯಿಂದ ಹೊರಬಂದ ಮುಖ ಬೆಳಗದೆ ಪೆಟ್ಟಿಗೆಗೆ ಮರಳುವಂತಿಲ್ಲ. ಬೇರೆಯವರ ಕೈಗೆ ಹೋಗುವಂತೆಯೂ ಇಲ್ಲ, ಆ ವರ್ಷದ ಭಂಡಾರ ಯಾರ ಕೈಗೆ ಬಿತ್ತೋ ಅವನೇ ಬೆಳಗಬೇಕು.

ಸುಣ್ಣದವನ ಮಗನಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಏನಿದ್ದೀತು? ಊರಲ್ಲಿ ಅವನನ್ನು ಈಗ ‘ಮುಖದ ಉಚ್ಚೆಂಗಪ್ಪ’ ಎಂದೇ ಕರೆಯುತ್ತಿದ್ದರು.

ಪಕ್ಕದ ಪಂಕ್ಚರ್ ಅಂಗಡಿಯಲ್ಲಿ ಟೈರುಗಳನ್ನು ಕಳಚಿಸಿ, ಮಂಗಳವಾರ ಬೆಳಿಗ್ಗೆ ಬಣ್ಣ ಸುಲಿಯುವ ಎಣ್ಣೆ ಹಚ್ಚಿದ. ಮೂರು ಗಾಲಿಗಳ ಬಣ್ಣ ಕರಿದ ಹಪ್ಪಳದಂತೆ ಎದ್ದು, ಕೆರೆದರೆ ಸುರುಳಿ ಸುರುಳಿಯಾಗಿ ಬಂತು. ನಾಲ್ಕನೆಯದರಲ್ಲಿ ಒಂದು ಅರದ ಬುಡಕ್ಕೆ ಬಂದಾಗ ತಗಡಿನ ಚೂರಿ ಸಪ್ಪೆಯಾಗಿ ಸದ್ದು ಮಾಡಿತು. ಬಣ್ಣದ ಕೆಳಗೆ, ಹಳ್ಳ ಮುಚ್ಚಲು ಮೆತ್ತುವ ಬೂದು ಪುಟ್ಟಿ.

ಕಂಪನಿಯವರು ಪುಟ್ಟಿ ಮೆತ್ತುವುದಿಲ್ಲ. ಯಾರೋ ಮೆತ್ತಿದ್ದರು. “ಯಾವ ಮಾರಾಯನೋ” ಎಂದು ನಗುತ್ತಲೇ ಕೆರೆದ. ಪುಟ್ಟಿಯ ಕೆಳಗೆ ಬೆಸುಗೆಯ ಸಾಲು, ಇರುವೆಗಳು ಒಂದರ ಹಿಂದೊಂದು ಸತ್ತು ಬಿದ್ದಂತೆ. ಗಾಲಿಯನ್ನು ಬೋರಲು ಹಾಕಿದ. ಅರದ ಬೆನ್ನಿಗೂ ಎಣ್ಣೆ ಹಚ್ಚಿ, ಒರೆಸಿದ.

ಶ್ರೀ.

ಬಾಲ ಎಡಕ್ಕೆ ಉದ್ದ. ತುದಿಯಲ್ಲಿ ಸಣ್ಣ ಕೊಂಡಿ.

ಉಚ್ಚೆಂಗಪ್ಪ ಕೂತಲ್ಲೇ ಕೂತ. ರಸ್ತೆಯ ಮೇಲೆ ಲಾರಿ ಹೋಯಿತು, ತಗಡು ನಡುಗಿತು, ಅವನಿಗೆ ಕೇಳಿಸಲಿಲ್ಲ.

ಏಳು ವರ್ಷದ ಹಿಂದಿನ ಮಾತು. ಶೆಡ್ಡು ಹಾಕಿ ಮೂರು ತಿಂಗಳಾಗಿರಲಿಲ್ಲ. ಸಂಡೂರಿನ ಕಡೆಯ ಒಬ್ಬರು ಬಿಳಿ ಕಾರಿನಲ್ಲಿ ಬಂದರು. ಅದಿರಿನ ಹಾದಿಯ ಗುಂಡಿಗೆ ಬಿದ್ದು ಗಾಲಿಯ ಅರದ ಬುಡ ಬಿರುಕು ಬಿಟ್ಟಿತ್ತು. ಬಿರಿದ ಅಲಾಯ್ ಗಾಲಿಯನ್ನು ಬೆಸೆಯಬಾರದು, ಬೆಸೆದರೂ ಓಡಿಸಬಾರದು ಅನ್ನುವುದು ಉಚ್ಚೆಂಗಪ್ಪನಿಗೆ ಆಗಲೂ ಗೊತ್ತಿತ್ತು. ಹೇಳಿಯೂ ಹೇಳಿದ್ದ. ಅವರು ನಕ್ಕು, “ಓಡಸೋರು ಯಾರು ಮಾರಾಯ? ಸ್ಟೆಪ್ನಿ ಮಾಡ್ತೀನಿ. ಡಿಕ್ಕಿಯಾಗ ಮಲಗಿರ್ತದ. ಮಾರಿ ಒಂದು ಚಂದ ಮಾಡಿಕೊಡು” ಅಂದರು. ಗಾಲಿ ಅಂದ ಮೇಲೆ ಉರುಳುತ್ತದೆ, ಎಷ್ಟು ದಿನ ಮಲಗೀತು? ಇದು ತಿಳಿದೂ ಅವರ ಮಾತು ನಂಬಿದ. ಹೊಸ ಶೆಡ್ಡಿಗೆ ಬಂದ ಮೊದಲ ದೊಡ್ಡ ಗಾಡಿ, ನಂಬುವುದು ಅನುಕೂಲವಾಗಿತ್ತು. ಬೆಸೆದ, ಪುಟ್ಟಿ ಮೆತ್ತಿದ, ಅರದ ಬೆನ್ನಿಗೆ ಭಕ್ತಿಯಿಂದ ದೇವರ ಅಕ್ಷರ ಬರೆದ, ಮೇಲೆ ಬೆಳ್ಳಿ ಬಣ್ಣ ಹೊಡೆದ. ಅವರು ಹೋದರು. ಅವನು ಮರೆತ.

ಡಿಕ್ಕಿಯಲ್ಲಿ ಮಲಗಬೇಕಿದ್ದ ಗಾಲಿಯನ್ನು ಯಾವಾಗಲೋ ಕಾರಿಗೇ ಏರಿಸಿದ್ದರು; ಮರೆತದ್ದು ಈಗ ಕಾಲಬುಡಕ್ಕೆ ಉರುಳಿಕೊಂಡು ಬಂದಿತ್ತು.

ಎದ್ದು ಬೆಸುಗೆಯ ಸುತ್ತ ಸೀಮೆಎಣ್ಣೆ ಸವರಿದ, ಸ್ವಲ್ಪ ಹೊತ್ತು ಬಿಟ್ಟು ಒಣಬಟ್ಟೆಯಿಂದ ಒರೆಸಿದ. ದೇವರ ಗೂಡಿನಿಂದ ವಿಭೂತಿ ಗಟ್ಟಿ ತಂದು ಪುಡಿ ಮಾಡಿ ಮೇಲೆ ಉದುರಿಸಿದ. ಇದು ಹಳೆಯ ಕೆಲಸಗಾರರ ಪರೀಕ್ಷೆ: ಲೋಹದಲ್ಲಿ ಸೀಳಿದ್ದರೆ ಒಳಗೆ ಕುಡಿದ ಎಣ್ಣೆ ಮೇಲೆ ಬಂದು ಬಿಳಿ ಪುಡಿಯಲ್ಲಿ ಗೆರೆ ಮೂಡಿಸುತ್ತದೆ.

ಭಾಗ್ಯ ಚಹಾ ತಂದಳು.

“ಏನ್ರಿ ಇದು, ಗಾಲಿಗೆ ವಿಭೂತಿ ಹಚ್ಚೀರಿ? ಇನ್ನ ಅದಕೊಂದು ಲಿಂಗದಕಾಯಿ ಕಟ್ಟಿಬಿಡ್ರಿ, ಮಠಕ್ಕ ಕಳಸೋಣು.”

ಅವನು ಪುಡಿಯತ್ತ ಬೆರಳು ತೋರಿಸಿದ. ಅವಳು ಬಗ್ಗಿ ನೋಡಿದಳು. ಬಿಳಿ ಪುಡಿಯಲ್ಲಿ ಬೆಸುಗೆಯ ಪಕ್ಕದಿಂದ ಒಂದು ಒದ್ದೆ ಗೆರೆ ಹೊರಟು, ಬೆಸುಗೆಯನ್ನೂ ದಾಟಿ, ಅಂಚಿನ ಕಡೆ ಎರಡು ಬೆರಳು ಹೋಗಿತ್ತು.

“ಒಡದೈತಿ.”

“ಹೂಂ.”

“ಮತ್ತ ಹೇಳ್ರಿ ಅವರಿಗೆ, ಗಾಲಿ ಒಡದೈತಿ, ಬ್ಯಾರೆ ತರ್ರಿ ಅಂತ. ಇದಕ್ಯಾಕ ಮಾರಿ ಇಷ್ಟು ಸಣ್ಣ ಮಾಡೀರಿ?”

ಅವನು ಗಾಲಿಯನ್ನು ಬೋರಲು ಹಾಕಿದ. ಭಾಗ್ಯ ಆ ಅಕ್ಷರವನ್ನು ನೂರಾರು ಗಾಲಿಗಳ ಮೇಲೆ ನೋಡಿದವಳು. ಕೈಯಲ್ಲಿದ್ದ ಲೋಟ ಕೆಳಗಿಟ್ಟಳು.

“ಇದು ನಿಮ್ಮ ಕೈ.”

“ಹೂಂ.”

“ಆ ಹುಡುಗಿ ಸೌಜನ್ಯ, ಹಸೀ ಕೂಸು ಕಟ್ಟಿಕೊಂಡು ಇದರಾಗ…” ಸೆರಗಿನಿಂದ ಬಾಯಿ ಮುಚ್ಚಿಕೊಂಡು ರಸ್ತೆಯ ಕಡೆ ನೋಡುತ್ತ ನಿಂತಳು. ಆಮೇಲೆ ಬಹಳ ಮೆಲ್ಲಗೆ, “ಆರು ವರ್ಷ ಅವ್ವಾರ ಮುಂದ ಕೈ ಸ್ವಚ್ಛ ಐತಿ ಅಂದೀರಲ್ರಿ” ಎಂದಳು.

ಅದನ್ನೇ ಅವನೂ ಯೋಚಿಸುತ್ತಿದ್ದ. ವರ್ಷಕ್ಕೆ ಮೂರರಂತೆ ಹದಿನೆಂಟು ಸಲ.

ಮಧ್ಯಾಹ್ನ ಎಮರಿ ಕಾಗದ ಹಿಡಿದು ಕೂತ. ಅಕ್ಷರವನ್ನು ಉಜ್ಜಿಬಿಟ್ಟರೆ ಬಿರುಕು ಬರಿಯ ಬಿರುಕಾಗುತ್ತದೆ, ಯಾರದೋ ಬಿರುಕು. ‘ಯಾವನೋ ಪಾಪಿ ಮುಚ್ಚ್ಯಾನ್ರಿ’ ಎಂದು ಧೈರ್ಯವಾಗಿ ಚನ್ನಯ್ಯನವರಿಗೆ ತೋರಿಸಬಹುದು. ಕಾಗದವನ್ನು ಅಕ್ಷರದ ಮೇಲಿಟ್ಟ. ಕೈ ಮುಂದೆ ಹೋಗಲಿಲ್ಲ. ದೇವರ ಹೆಸರನ್ನು ತಾನೇ ಬರೆದು ತಾನೇ ಅಳಿಸುವುದೇ? ಸುಣ್ಣದ ಗೋಡೆಯ ಮುಂದೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದ ಅಪ್ಪನ ಬೆನ್ನು ನೆನಪಾಯಿತು. ಕಾಗದ ಕೆಳಗಿಟ್ಟ, ಮತ್ತೆ ಎತ್ತಿದ, ಮತ್ತೆ ಇಟ್ಟ. ಬಳ್ಳಾರಿಯ ಗುಜರಿಯವರಿಗೆ ಫೋನು ಮಾಡಿ ಇಂಥದೇ ಒಂದು ಗಾಲಿ ಸಿಕ್ಕೀತೇ ಎಂದು ಕೇಳಿದ. “ಆ ಮಾಡಲ್ ನಿಂತು ಕಾಲ ಆತಣ್ಣ” ಎಂದರು.

ದರೋಜಿಯ ಕಡೆಯವಳಾದ ಅವನ ಅಜ್ಜಿ ಒಂದು ಕಥೆ ಹೇಳುತ್ತಿದ್ದಳು. ಹೊಳೆಯಲ್ಲಿ ಕರಿ ಕಂಬಳಿ ತೇಲಿ ಬಂತಂತೆ, ಒಬ್ಬ ಆಸೆಗೆ ಬಿದ್ದು ಹಾರಿ ಹಿಡಿದನಂತೆ. ಹಿಡಿದ ಮೇಲೆ ನೋಡಿದರೆ ಕರಡಿ. ದಂಡೆಯ ಮೇಲಿದ್ದವರು ‘ಬಿಟ್ಟು ಬಾರೋ’ ಎಂದು ಕೂಗಿದರೆ, ‘ನಾ ಬಿಟ್ಟೀನಿ, ಕಂಬಳಿ ನನ್ನ ಬಿಡವಲ್ದು’ ಅಂದನಂತೆ. ಸಣ್ಣವನಿದ್ದಾಗ ಉಚ್ಚೆಂಗಪ್ಪ ಹೊಟ್ಟೆ ಹಿಡಿದು ನಗುತ್ತಿದ್ದ. ಆ ಮನುಷ್ಯ ಆಮೇಲೆ ಏನಾದ ಎಂದು ಒಂದು ದಿನವೂ ಕೇಳಿರಲಿಲ್ಲ.

ಬುಧವಾರ ಗಾಲಿಯನ್ನು ಗೋಣಿಚೀಲದಲ್ಲಿ ಸುತ್ತಿ ಟಿವಿಎಸ್ಸಿನ ಮುಂದಿಟ್ಟುಕೊಂಡು ಕಂಪ್ಲಿಗೆ ಹೊರಟ. ಕಮಲಾಪುರ ದಾಟುವಾಗ ಹಂಪಿಯ ಕಡೆ ಮುಖ ಮಾಡಿ, ಗಾಡಿ ನಿಲ್ಲಿಸದೆ, ಮನಸ್ಸಿನಲ್ಲೇ ಪಂಪಾಪತಿಗೆ ಕೈಮುಗಿದ. ಹೇಳಿಬಿಡುತ್ತೇನೆ, ಬೈಯಲಿ, ಹೊಡೆಯಲಿ, ಮುಖ ಬೆಳಗುವ ಕೆಲಸ ಹೋದರೆ ಹೋಗಲಿ, ಹೇಳಿದ ಮೇಲೆ ಹಗುರಾಗುತ್ತೇನಲ್ಲ. ಬಾಳೆತೋಟ, ಕಾಲುವೆ, ನಾಟಿಯ ಗದ್ದೆ ಹಿಂದೆ ಸರಿದಂತೆಲ್ಲ ಈ ಒಂದೇ ಮಾತನ್ನು ಜಪದ ಹಾಗೆ ಹೇಳಿಕೊಂಡ.

ಚನ್ನಯ್ಯನವರು ಗಿರಣಿಯ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಅಂಗೈಯಲ್ಲಿ ಅಕ್ಕಿ ತಿಕ್ಕಿ ನೋಡುತ್ತಿದ್ದರು. ಆಚೆ ನಾಲ್ಕು ಕಲ್ಲುಗಳ ಮೇಲೆ ಬಿಳಿ ಕಾರು ನಿಂತಿತ್ತು.

“ಬಾರಪ. ಮುಗೀತೇನು ಇಷ್ಟು ಜಲ್ದಿ?”

ಉಚ್ಚೆಂಗಪ್ಪ ಗೋಣಿ ಬಿಚ್ಚಿದ. ಬಿರುಕು ತೋರಿಸಿದ, ಬೋರಲು ಹಾಕಿ ಅಕ್ಷರ ತೋರಿಸಿದ, ನಡೆದದ್ದನ್ನೆಲ್ಲ ನಿಂತುಕೊಂಡೇ ಹೇಳಿದ. ಚನ್ನಯ್ಯನವರ ಅಂಗೈಯಲ್ಲಿದ್ದ ಅಕ್ಕಿ ಬೆರಳ ಸಂದಿಯಿಂದ ಒಂದೊಂದೇ ಕಾಳಾಗಿ ಉದುರಿತು.

“ನನ್ನ ಮಗಳು ಕುಂತಿದ್ಲಲೇ ಇದರಾಗ.”

“ತಪ್ಪಾತ್ರಿ ಯಜಮಾನ್ರ.”

“ಮೊಮ್ಮಗ ಇದ್ದ.”

ಉಚ್ಚೆಂಗಪ್ಪ ಬಗ್ಗಿ ಅವರ ಕಾಲು ಮುಟ್ಟಿದ. ಒಂದು ಏಟು ಬಿದ್ದಿದ್ದರೂ ಅದನ್ನು ಪ್ರಸಾದವೆಂದು ತೆಗೆದುಕೊಳ್ಳುತ್ತಿದ್ದ. ಏಟು ಬೀಳಲಿಲ್ಲ. ಚನ್ನಯ್ಯನವರು ಉಸಿರು ಬಿಟ್ಟು, ಪಂಚೆಯ ಮೇಲಿನ ತೌಡು ಕೊಡವಿದರು.

“ಏಳು. ಆಗಿದ್ದು ಆತು. ಯಾರಿಗೂ ಏನೂ ಆಗಲಿಲ್ಲಲ, ದೇವರು ದೊಡ್ಡಾವ. ಶುಕ್ರವಾರಕ್ಕ ಈ ಗಾಡಿ ನಮ್ಮ ಅಂಗಳ ಬಿಟ್ಟು ಹೋಗ್ತದ. ಹಾಕಿಬಿಡು.”

“ಏನು ಹಾಕ್ಲಿ ಯಜಮಾನ್ರ?”

“ಅವತ್ತ ಹಾಕಿದ್ದೆಲ, ಅದನ್ನ.”

ಪುಟ್ಟಿಯ ಮಾತೆಂದು ಉಚ್ಚೆಂಗಪ್ಪನಿಗೆ ತಿಳಿಯಿತು. “ಹನುಮೇಶ್ ಮಂದಿ ಕುಂದ್ರಿಸಿಕೊಂಡು ಅಡ್ಡಾಡ್ತಾನ್ರಿ. ಇದು ಇನ್ನ ಭಾಳ ದಿನ ತಡಿಯಂಗಿಲ್ರಿ.”

“ಅವತ್ತ ಸಂಡೂರಿನವಗ ಕೇಳಿದ್ದೇನು, ಇದರಾಗ ಯಾರು ಕುಂದ್ರತಾರ ಅಂತ? ಇವತ್ತ ನನಗ ಪುರಾಣ ಹೇಳಾಕ ಬಂದಿ.” ಅವರ ದನಿ ಏರಲಿಲ್ಲ. ಏರಿದ್ದರೆ ಸಿಟ್ಟಾದರೂ ಬರುತ್ತಿತ್ತು. “ಬ್ಯಾರೆ ಗಾಲಿ ಸಿಗಂಗಿಲ್ಲ ಅಂತ ನೀನ ಅಂತಿ. ಕಂಪನಿ ಗಾಲಿ ಇಲ್ಲಂದ್ರ ಅವ ಗಾಡಿ ಮುಟ್ಟಂಗಿಲ್ಲ. ನಾ ಏನು, ಒಡಕ ಗಾಡಿ ಇಟಗೊಂಡು ಆರತಿ ಎತ್ಲೇನು? ಬೇಕಾದ್ರ ಹೋಗಿ ಹೇಳು ಹನುಮೇಶಗ. ಹೇಳಿದ್ರ ಮೊದಲು ಯಾರ ಹೆಸರು ಬರ್ತದ? ಆಮ್ಯಾಲ ಈ ರಸ್ತ್ಯಾಗ ಯಾರು ನಿನಗ ಗಾಲಿ ಕೊಡ್ತಾರ? ಅಮ್ಮನ ಮುಖ ಯಾವ ಕೈಗಿ ಕೊಡೋಣು?”

ಅಡುಗೆಮನೆಯ ಕಿಟಕಿಯಿಂದ ಗಂಗಾಂಬಿಕಮ್ಮ, “ಉಚ್ಚೆಂಗಪ್ಪ ಬಂದಾನೇನ್ರಿ? ಒಂದೀಟು ಮಜ್ಜಿಗಿ ಕುಡುದು ಹೋಗಂತ ಹೇಳ್ರಿ” ಎಂದು ಕೂಗಿದರು. ಗಿರಣಿಯ ಸದ್ದಿನಲ್ಲಿ ಅವರಿಗೆ ಏನೂ ಕೇಳಿಸಿರಲಿಲ್ಲ.

ಮಜ್ಜಿಗೆ ಕುಡಿದ. ಗಾಲಿಯನ್ನು ಮತ್ತೆ ಗೋಣಿಯಲ್ಲಿ ಸುತ್ತಿದ. ಬರುವಾಗ ಒಬ್ಬನೇ ಹೊತ್ತು ತಂದ ಗುಟ್ಟನ್ನು ಹೋಗುವಾಗ ಇಬ್ಬರ ಗುಟ್ಟು ಮಾಡಿಕೊಂಡು ಹೊರಟ, ಭಾರ ಮಾತ್ರ ಅರ್ಧವಾಗಲಿಲ್ಲ. ಹೇಳಿದರೆ ಬಾಗಿಲು ತೆರೆಯುತ್ತದೆ ಎಂದುಕೊಂಡಿದ್ದ. ಬಾಗಿಲ ಆಚೆಗೂ ಒಂದು ಗೋಡೆ ಇತ್ತು, ಅದಕ್ಕೂ ಸುಣ್ಣ ಬಳಿಯಬೇಕಾದವನು ಅವನೇ.

ಗುರುವಾರ ಬೆಳಗಿನಿಂದ ಬಫಿನ ಸದ್ದು ನಿಲ್ಲಲಿಲ್ಲ. ಮೂರು ಗಾಲಿಗಳಿಗೆ ಬೆಳ್ಳಿ ಬಣ್ಣವಾಗಿ, ಲ್ಯಾಕರ್ ಆಗಿ, ಪಕ್ಕದ ಅಂಗಡಿಯಲ್ಲಿ ಟೈರೂ ಏರಿದವು. ನಾಲ್ಕನೆಯದು ಬರಿಮೈಯಲ್ಲಿ ಸ್ಟೂಲಿನ ಮೇಲೆ ಕೂತಿತ್ತು. ಉಚ್ಚೆಂಗಪ್ಪ ಅದರ ಮುಖವನ್ನು ಕನ್ನಡಿಯಂತೆ ಮಿಂಚಿಸಿದ್ದ. ಮಿಂಚಿದಷ್ಟೂ ಬಿರುಕು ಬೆಳಕಿನಲ್ಲಿ ಕರಗಿ ಕಾಣದಾಗುತ್ತಿತ್ತು. ಪಕ್ಕದಲ್ಲಿ ಪುಟ್ಟಿಯ ಡಬ್ಬಿ ಬಾಯಿ ತೆರೆದಿತ್ತು.

“ಏನು ಮಾಡಾವ್ರು?” ಎಂದಳು ಭಾಗ್ಯ.

“ನೀ ಹೇಳು.”

“ನಾ ಹೇಳಂಗಿಲ್ರಿ. ನಾ ಹೇಳಿದ್ರ ನಾಳಿಗಿ ನನ್ನ ಮಾತು ಅಂತೀರಿ.” ಪುಟ್ಟಿಯ ಡಬ್ಬಿ ನೋಡಿ, “ಮುಚ್ಚಿದ್ರ ಹನುಮೇಶನ ಗಾಡ್ಯಾಗ ಕುಂತವರು. ತೆರದ್ರ ನಾವು. ಇಷ್ಟ ಅಲ್ಲ?” ಎಂದಳು.

“ಇಷ್ಟ.”

ಲ್ಯಾಕರ್ ಹೊಡೆಯುವ ಮುನ್ನ ಪ್ರತಿ ಗಾಲಿಗೂ ಕುಂಕುಮದ ಬೊಟ್ಟಿಟ್ಟು ಒರೆಸುವುದು ಅವಳ ರೂಢಿ. ಇದಕ್ಕೂ ರೂಢಿ ತಪ್ಪಿಸಬಾರದೆಂದು ಬಟ್ಟಲು ತಂದಳು. ಎಣ್ಣೆಗೈಯ ಬೆರಳು ಅದ್ದಿ ನಾಲ್ಕನೆಯದಕ್ಕೆ ಬೊಟ್ಟಿಡಲು ಹೋದಾಗ ಮಿಂಚಿನ ಮೈ ಮೇಲೆ ಬೆರಳು ಜಾರಿ ಅರದ ಉದ್ದಕ್ಕೂ ಇಳಿಯಿತು. “ಅಯ್ಯ ಶಿವನ” ಎಂದು ಸೆರಗಿನಿಂದ ಒರೆಸಿದಳು. ಸುತ್ತಲಿನ ಕುಂಕುಮ ಹೋಯಿತು. ಬಿರುಕಿನೊಳಗಿನದು ಉಳಿಯಿತು. ಕನ್ನಡಿಯಂಥ ಲೋಹದ ಮೇಲೆ ಒಂದು ಕೂದಲೆಳೆಯ ಕೆಂಪು ಗೆರೆ.

ಇಬ್ಬರೂ ನೋಡಿದರು. ಅವಳು ಮತ್ತೆ ಒರೆಸಿದಳು. ಹೋಗಲಿಲ್ಲ.

ಉಚ್ಚೆಂಗಪ್ಪ ಪುಟ್ಟಿಯ ಡಬ್ಬಿಯ ಮುಚ್ಚಳ ಹಾಕಿದ. ಬಟ್ಟಲು ತೆಗೆದುಕೊಂಡು ಉಳಿದ ಬಿರುಕಿಗೆಲ್ಲ, ಅರದ ಬುಡದಿಂದ ಅಂಚಿನವರೆಗೆ, ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ತಾನೇ ತುಂಬಿದ. ಒರೆಸಿದ. ಸ್ಪ್ರೇ ಗನ್ನಿಗೆ ಲ್ಯಾಕರ್ ಹಾಕಿದ.

“ಬಣ್ಣ?”

“ಬ್ಯಾಡ. ಬರೀ ಲ್ಯಾಕರ್.”

“ಮತ್ತ ಅಮ್ಮನ ಮುಖ?”

ಅವನು ಗುಂಡಿ ಒತ್ತಿದ. ಗಾಳಿಯಂತ್ರ ಗುಡುಗಿತು. ಒಂದು ಪದರ, ಆರಿದ ಮೇಲೆ ಇನ್ನೊಂದು. ಬೋರಲು ಹಾಕಿ ಶ್ರೀಯ ಮೇಲೂ ಎರಡು. ಕೆಂಪು ಗೆರೆ ಗಾಜಿನ ಕೆಳಗೆ ಸಿಕ್ಕಿಕೊಂಡಿತು. ಇನ್ನು ಅದನ್ನು ಉಗುರಿನಿಂದ ಕೆರೆಯಲಾಗದು, ನೀರಿನಿಂದ ತೊಳೆಯಲಾಗದು. ಆ ಗಾಲಿಗೆ ಟೈರು ಏರಿಸಲಿಲ್ಲ.

ಶುಕ್ರವಾರ ಬೆಳಿಗ್ಗೆ ಗೂಡ್ಸ್ ಆಟೋದಲ್ಲಿ ಗಾಲಿಗಳ ಜೊತೆ ತಾನೂ ಕೂತು ಹೋದ. ಗಿರಣಿಯ ಅಂಗಳದಲ್ಲಿ ಹನುಮೇಶ್ ಆಗಲೇ ಕಾರಿನ ಸುತ್ತ ಎರಡು ಪ್ರದಕ್ಷಿಣೆ ಹಾಕಿದ್ದ. ಮೊದಲ ಮೂರು ಗಾಲಿ ಇಳಿಸಿದ್ದೇ ಸಿಳ್ಳೆ ಹೊಡೆದ.

“ಮಸ್ತ್ ಆಗ್ಯಾವ ಉಚ್ಚೆಂಗಣ್ಣ! ನನ್ನ ಮದುವ್ಯಾಗ ನನ್ನ ಮಾರಿನೂ ಇಷ್ಟು ಹೊಳದಿದ್ದಿಲ್ಲ ಬಿಡು. ಐತ್ವಾರನ ಏಳು ಮಂದಿ ಮಂತ್ರಾಲಯಕ್ಕ ಬುಕ್ ಆಗ್ಯಾರ, ಗಾಲಿ ನೋಡಿನ ಅರ್ಧ ಪುಣ್ಯ ಬರ್ತದ ಅವರಿಗೆ.”

ಚನ್ನಯ್ಯನವರು ನಕ್ಕರು. ಉಚ್ಚೆಂಗಪ್ಪ ನಾಲ್ಕನೆಯ ಗೋಣಿ ಬಿಚ್ಚಿ, ಗಾಲಿಯನ್ನು ಇಬ್ಬರ ನಡುವೆ ನೆಲದ ಮೇಲಿಟ್ಟ. ಎಳೆ ಬಿಸಿಲು ಅದರ ಮೇಲೆ ಬಿದ್ದು ಗಿರಣಿಯ ಗೋಡೆಗೆ ಹಾರಿತು. ನಗು ಚನ್ನಯ್ಯನವರ ಮುಖದ ಮೇಲೇ ನಿಂತುಹೋಯಿತು.

“ಇದೇನಲೇ?”

“ಹೊಳೀಬೇಕು ಅಂದಿದ್ರಿ. ಹೊಳೀತದ್ರಿ.”

ಹನುಮೇಶ್ ಕುಕ್ಕರಗಾಲಿನಲ್ಲಿ ಕೂತು ಕೆಂಪು ಗೆರೆಯ ಮೇಲೆ ಉಗುರು ಆಡಿಸಿದ. ಉಗುರು ನುಣ್ಣಗೆ ಜಾರಿತು. “ಗೀರಲ್ಲ ಇದು. ಒಳಗೈತಿ” ಎಂದು ತನಗೇ ಹೇಳಿಕೊಂಡ. ಗಾಲಿ ಮಗುಚಿದ. ಹಳೆಯ ಬೆಸುಗೆ, ಪಕ್ಕದಲ್ಲಿ ಅಕ್ಷರ. “ಶ್ರೀ ಬರದಾರ ಯಾರೋ. ಯಾರು ಬರದಿದ್ದು?”

“ನಾನು” ಎಂದ ಉಚ್ಚೆಂಗಪ್ಪ. “ಏಳು ವರ್ಷದ ಹಿಂದ. ಒಡದಿದ್ದನ್ನ ಮುಚ್ಚಿ ಮ್ಯಾಲೆ ದೇವರ ಹೆಸರು ಬರದಿದ್ದೆ. ಈಗ ಮತ್ತ ಒಡದೈತಿ. ಇದನ್ನ ಹಾಕಬ್ಯಾಡಪ. ಯಾವ ಗಾಡಿಗೂ ಹಾಕಬ್ಯಾಡ.”

ಹನುಮೇಶ್ ಎದ್ದು ನಿಂತು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಉಚ್ಚೆಂಗಪ್ಪನನ್ನು ನೋಡಿದ, ಚನ್ನಯ್ಯನವರನ್ನು ನೋಡಿದ. ಅವರು ಬೇರೆ ಕಡೆ ನೋಡುತ್ತಿದ್ದರು. ಅದರಲ್ಲೇ ಅವನಿಗೆ ಬೇಕಾದದ್ದು ತಿಳಿಯಿತು.

“ಯಜಮಾನ್ರ, ನಾ ಆಮ್ಯಾಲ ಫೋನ್ ಮಾಡ್ತೀನ್ರಿ” ಎಂದ. ಫೋನು ಮಾಡದವರೆಲ್ಲ ಇದೇ ದನಿಯಲ್ಲಿ ಇದೇ ಮಾತು ಹೇಳುತ್ತಾರೆ. ಗೇಟಿನ ಹತ್ತಿರ ಹೋದವನು ತಿರುಗಿ, “ಉಚ್ಚೆಂಗಣ್ಣ, ನನ್ನ ಹಳೇ ಗಾಡಿ ಗಾಲಿನೂ ಹೋದ ವರ್ಷ ನೀನ ಮಾಡಿದ್ದಿ. ಅವು?” ಎಂದ.

“ಅವು ಚಲೋ ಅದಾವಪ. ದೇವರಾಣಿ.”

ಹನುಮೇಶ್ ತಲೆಯಾಡಿಸಿದ. ನಂಬಿದನೋ ಇಲ್ಲವೋ ತಿಳಿಯಲಿಲ್ಲ. ಉಚ್ಚೆಂಗಪ್ಪನಿಗೆ ಅದೇ ಹೊಸ ಭಾರ: ಇಂದಿನಿಂದ ತಾನು ಮಾಡಿದ ಪ್ರತಿ ಗಾಲಿಯನ್ನೂ ಜನ ಹೀಗೆ ಕೇಳುತ್ತಾರೆ.

“ನಿನ್ನ ಹೆಸರೂ ಕಳಕೊಂಡಿ, ನಂದೂ ಕಳದಿ” ಎಂದರು ಚನ್ನಯ್ಯನವರು. ಕುರ್ಚಿ ಎಳೆದುಕೊಂಡು ಕಲ್ಲಿನ ಮೇಲೆ ನಿಂತ ಕಾರಿನ ಪಕ್ಕ ಕೂತರು.

ಹೊಸ್ತಿಲಲ್ಲಿ ಗಂಗಾಂಬಿಕಮ್ಮ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಒಂದು ಕೈಯಲ್ಲಿ ಭಂಡಾರದ ತಟ್ಟೆ, ಇನ್ನೊಂದು ತೋಳಿನಲ್ಲಿ ಹೊಸ ಬಟ್ಟೆಯಲ್ಲಿ ಮಲಗಿದ ಹಿತ್ತಾಳೆಯ ಮುಖ. ವರ್ಷದ ಕಿಲುಬು ಹಿಡಿದು ಅಮ್ಮ ಕಪ್ಪಾಗಿದ್ದಳು. ಬೆಳಿಗ್ಗೆಯೇ ಪೂಜೆ ಮಾಡಿ ಪೆಟ್ಟಿಗೆಯಿಂದ ಹೊರಗೆ ತೆಗೆದಾಗಿತ್ತು.

ಉಚ್ಚೆಂಗಪ್ಪ ಓಡಿಹೋಗಬೇಕೆಂದುಕೊಂಡ. ಕಾಲು ಮಾತ್ರ ಆರು ವರ್ಷದ ರೂಢಿಯಂತೆ ಚಪ್ಪಲಿ ಕಳಚಿ ಹೊಸ್ತಿಲ ಮುಂದೆ ನಿಂತಿತು. ಅಂಗೈ ತಾನಾಗಿ ಚಾಚಿಕೊಂಡಿತು. ಗಂಗಾಂಬಿಕಮ್ಮ ಒಂದು ಗಳಿಗೆ ತಡೆದು, ಅದರಲ್ಲಿ ಭಂಡಾರ ಹಾಕಿದರು. ಹಾಕದೆ ಇರಬಹುದಿತ್ತು.

“ಕೈ ಸ್ವಚ್ಛ ಐತೇನಪ್ಪ?”

ಅವನು ಅಂಗೈಯನ್ನೇ ನೋಡಿದ.

“ಕೈ ಸ್ವಚ್ಛ ಐತೇನಪ್ಪ?”

ಅಂಗೈಯ ಅರಿಸಿನ ಬೆವರಿಗೆ ಒದ್ದೆಯಾಗುತ್ತಿತ್ತು. ಉಗುರಿನ ಸಂದಿಯಲ್ಲಿ ನಿನ್ನೆಯ ಕುಂಕುಮ ಇನ್ನೂ ಇತ್ತು.

“ಕೈ ಸ್ವಚ್ಛ ಐತೇನಪ್ಪ?”

“ಇಲ್ರಿ ತಾಯಿ” ಎಂದ. “ಏಳು ವರ್ಷದಿಂದ ಇದ್ದಿದ್ದಿಲ್ರಿ.”

ಆ ಪ್ರಶ್ನೆಗೆ ಈ ಉತ್ತರವನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಉತ್ತರದ ಮುಂದೆ ಏನು ಮಾಡಬೇಕೆಂದು ಹಿರಿಯರು ಹೇಳಿಟ್ಟಿರಲಿಲ್ಲ. ಮುಖವನ್ನು ಪೆಟ್ಟಿಗೆಗೆ ಇಡುವಂತಿಲ್ಲ. ಭಂಡಾರ ಅವನ ಕೈಗೆ ಬಿದ್ದಾಗಿದೆ, ಬೇರೆಯವರಿಗೆ ಕೊಡುವಂತಿಲ್ಲ. ಇಲ್ಲ ಎಂದವನ ಕೈಗೆ ಕೊಡುವುದು ಹೇಗೆ? ಗಂಗಾಂಬಿಕಮ್ಮ ಆ ಹೊಸ್ತಿಲ ಮೇಲೆ ಅವನಷ್ಟೇ ಕಟ್ಟಿಬಿದ್ದು ನಿಂತರು. ಒಳಗಿನ ಗಡಿಯಾರ ಹತ್ತು ಹೊಡೆಯಿತು.

“ಹೋದ ವರ್ಷ ಇದ ಗಾಡ್ಯಾಗ ನಾನೂ ಮಗಳ ಊರಿಗಿ ಹೋಗಿ ಬಂದೆ” ಎಂದರು ಕೊನೆಗೆ. ಸಿಟ್ಟೂ ಇರಲಿಲ್ಲ, ಕರುಣೆಯೂ ಇರಲಿಲ್ಲ. “ಶೆಡ್ಡಿಗೆ ಒಯ್ಯಬ್ಯಾಡ. ಇಲ್ಲೇ ಅಂಗಳದಾಗ ಕುಂದ್ರು. ನನ್ನ ಕಣ್ಣ ಮುಂದ ಬೆಳಗು. ಈ ವರ್ಷ ಒಂದು. ಮುಂದಿನದು ಅಮ್ಮಗ ಬಿಟ್ಟಿದ್ದು.”

ಹುಣಸೆಹಣ್ಣು ಬಂತು, ಬೂದಿ ಬಂತು, ಒಂದು ತಂಬಿಗೆ ನೀರು ಬಂತು. ಉಚ್ಚೆಂಗಪ್ಪ ಬಟ್ಟ ಬಯಲಿನಲ್ಲಿ ಕಲ್ಲಿನ ಮೇಲೆ ಕೂತ. ಗಿರಣಿಗೆ ಭತ್ತ ತಂದವರು ಅಲ್ಲಲ್ಲೇ ನಿಂತು ನೋಡಿದರು, ಒಬ್ಬರ ಕಿವಿಗೊಬ್ಬರು ಬಾಯಿಟ್ಟರು. ಒಂದು ಕಡೆ ಚನ್ನಯ್ಯನವರು, ಒಂದು ಕಡೆ ಕಲ್ಲೇರಿದ ಕಾರು, ಎದುರಿಗೆ ಕೆಂಪು ಗೆರೆಯ ಗಾಲಿ, ಹೊಸ್ತಿಲಲ್ಲಿ ಗಂಗಾಂಬಿಕಮ್ಮ. ಎದ್ದು ಹೋಗಲು ಒಂದು ದಿಕ್ಕೂ ಇರಲಿಲ್ಲ.

ಪ್ರತಿ ವರ್ಷ ಅವನು ಮೊದಲು ಅಮ್ಮನ ಕಣ್ಣು ಬೆಳಗುತ್ತಿದ್ದ. ಇಂದು ಗದ್ದದಿಂದ ಹಿಡಿದ. ಗದ್ದ ಬೆಳಗಿತು, ತುಟಿ ಬೆಳಗಿತು, ಮೂಗುತಿ, ಕೆನ್ನೆ, ಹಣೆಯ ಬೊಟ್ಟು, ಕಿರೀಟದ ಅಂಚು. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಮುಖವೆಲ್ಲ ಹೊನ್ನಾಗಿ, ಎರಡು ಕಣ್ಣು ಮಾತ್ರ ಕಪ್ಪಾಗಿ ಉಳಿದವು. ಅವನು ಬೆಳಗಿದ ಕಿರೀಟವನ್ನೇ ಮತ್ತೆ ಉಜ್ಜಿದ. ಮತ್ತೆ ಕೆನ್ನೆಗೆ ಬಂದ.

“ಕಣ್ಣು ಉಜ್ಜಪ್ಪ” ಎಂದರು ಗಂಗಾಂಬಿಕಮ್ಮ. “ಅದನ್ನ ಬಿಟ್ಟು ಏಳಾಕ ಬರಂಗಿಲ್ಲ.”

ಉಚ್ಚೆಂಗಪ್ಪ ಹುಣಸೆಹಣ್ಣನ್ನು ನೀರಿನಲ್ಲಿ ಅದ್ದಿದ.